ರೋಹಿಣಿಯ ಜೊತೆಗಿಟ್ಟು ಆರ್ದ್ರಾವನ್ನು ಅಳೆಯುವುದು

ಕೇಳುಗರಿಗೆ ನಮಸ್ಕಾರ.

ನಮ್ಮ ಮನೆ ಬದಿಯಡ್ಕದ ಹತ್ತಿರ. ಅಡಿಕೆ ಒಣಗಿಸುವ ಅಂಗಳದಲ್ಲೇ ನನ್ನ ಕ್ಯಾಮೆರಾ ಸ್ಟ್ಯಾಂಡ್ ನಿಲ್ಲುತ್ತದೆ. ಚಳಿಗಾಲದಿಂದ ಮಾರ್ಚ್‌ವರೆಗೆ ಅಲ್ಲಿಂದ ನಾನು ಅಳೆಯುವುದು ಒಂದೇ ನಕ್ಷತ್ರದ ಬೆಳಕನ್ನು. ನಮಗೆ ಆರ್ದ್ರಾ, ಮಲಯಾಳದಲ್ಲಿ ತಿರುವಾದಿರ, ವಿಜ್ಞಾನದ ಪುಸ್ತಕಗಳಲ್ಲಿ ಬೀಟಲ್‌ಜ್ಯೂಸ್. ಮಹಾವ್ಯಾಧ ಎಂಬ ನಕ್ಷತ್ರಪುಂಜದಲ್ಲಿ ಬೇಟೆಗಾರನ ಭುಜದ ಕೆಂಪು ಚುಕ್ಕೆ.

2020ರ ಫೆಬ್ರವರಿಯಲ್ಲಿ ಅದು ಬರಿಗಣ್ಣಿಗೇ ಗೊತ್ತಾಗುವಷ್ಟು ಮಂಕಾಗಿತ್ತು. ಕಾಂತಿಮಾನ, ಅಂದರೆ ನಕ್ಷತ್ರದ ಹೊಳಪನ್ನು ಹೇಳುವ ಅಂಕಿ, 1.6ರ ಹತ್ತಿರ ಹೋಗಿತ್ತು. ಈ ಲೆಕ್ಕದಲ್ಲಿ ಅಂಕಿ ಹೆಚ್ಚಿದಷ್ಟೂ ಬೆಳಕು ಕಡಿಮೆ. 5 ಅಂಕಿಯ ಅಂತರ ಅಂದರೆ ಬೆಳಕಿನಲ್ಲಿ 100 ಪಟ್ಟು ವ್ಯತ್ಯಾಸ. ಆ ಇಳಿಕೆಯನ್ನು ರಾತ್ರಿ ರಾತ್ರಿ ದಾಖಲಿಸಿದವರಲ್ಲಿ ಹವ್ಯಾಸಿಗಳು ಬಹಳ ಮಂದಿ.

ಆದರೆ ಕ್ಯಾಮೆರಾ ಕೊಡುವ ಅಂಕಿಯನ್ನು ಸುಮ್ನೆ ನಂಬುವ ಹಾಗಿಲ್ಲ. ತಕ್ಕಡಿಯಲ್ಲಿ ಅಡಿಕೆ ಒಂದನ್ನೇ ಇಟ್ಟರೆ ತೂಕ ತಿಳಿಯುತ್ತದೆಯೇ? ಇನ್ನೊಂದು ತಟ್ಟೆಗೆ ತೂಕದ ಕಲ್ಲು ಬೇಕಲ್ವಾ? ನನಗೆ ಆ ಕಲ್ಲು ರೋಹಿಣಿ. ಅದರ ಕಾಂತಿಮಾನ ಸುಮಾರು 0.9. ಎರಡನ್ನೂ ಒಂದೇ ಚಿತ್ರದಲ್ಲಿ ಹಿಡಿಯುತ್ತೇನೆ. ರೋಹಿಣಿಯ ಬೆಳಕು 100 ಅಂತ ಬಂದು ಆರ್ದ್ರಾದ್ದು 80 ಬಂದರೆ ಅಂತರ 0.24. ಅಲ್ಲಿಗೆ ಆರ್ದ್ರಾ 1.1ರ ಆಸುಪಾಸು. ರೋಹಿಣಿಯನ್ನೇ ಆರಿಸಲು ಕಾರಣ ಅದರ ಬಣ್ಣ; ಅದೂ ಕೆಂಪು ಛಾಯೆಯದ್ದೇ. ಕೆಂಪು ನಕ್ಷತ್ರವನ್ನು ನೀಲಿ ನಕ್ಷತ್ರದ ಜೊತೆ ತೂಗಿದರೆ ಅಳತೆ ಬೇಗ ತಪ್ಪುತ್ತದೆ. ಚಿತ್ರವನ್ನು ರಾ ರೂಪದಲ್ಲಿ, ಅಂದರೆ ಕ್ಯಾಮೆರಾ ತಾನೇ ತಿದ್ದದ ಮೂಲ ರೂಪದಲ್ಲಿ, ತೆಗೆದು ಅದರ ಕೆಂಪು, ಹಸಿರು, ನೀಲಿ ಭಾಗಗಳಲ್ಲಿ ಹಸಿರನ್ನಷ್ಟೇ ಲೆಕ್ಕಕ್ಕೆ ಹಿಡಿಯಬೇಕು. ಫೋಕಸ್ ಸ್ವಲ್ಪ ಸಡಿಲವಿರಲಿ. ಲೆನ್ಸಿನ ಮೂಲೆಗಳು ನಡುವಿಗಿಂತ ಕಪ್ಪು. ಅದನ್ನು ಸರಿಪಡಿಸಲು ನಾನು ಮುಸ್ಸಂಜೆಗೆ ಲೆನ್ಸಿನ ಮೇಲೆ ಬಿಳಿ ಪಂಚೆ ಹೊದಿಸಿ ಆಕಾಶದ ಚಿತ್ರ ತೆಗೆದಿಟ್ಟುಕೊಳ್ಳುತ್ತೇನೆ.

ಇಷ್ಟೆಲ್ಲ ಮಾಡಿಯೂ ಒಂದು ಮಾರ್ಚ್ ತಿಂಗಳಲ್ಲಿ ನಾನು ಎಡವಿದೆ. ಆರ್ದ್ರಾ ಒಂದೇ ರಾತ್ರಿಯಲ್ಲಿ 0.2ರಷ್ಟು ಪ್ರಕಾಶ ಏರಿಸಿಕೊಂಡಿತ್ತು! ಖುಷಿಯಿಂದ ನಿದ್ದೆ ಬರಲಿಲ್ಲ. ಬೆಳಿಗ್ಗೆ ಚಿತ್ರವನ್ನು ಮತ್ತೆ ತೆರೆದೆ. ಪರೀಕ್ಷೆಗೆಂದು ಇಟ್ಟುಕೊಂಡಿದ್ದ ಪುನರ್ವಸುವಿನ ಪೊಲಕ್ಸ್ ಕೂಡ ಅಷ್ಟೇ ಏರಿತ್ತು. ಎರಡು ನಕ್ಷತ್ರಗಳು ಒಟ್ಟಿಗೆ, ಒಂದೇ ಪ್ರಮಾಣದಲ್ಲಿ ಬೆಳಗುವುದುಂಟೇ? ಏರಿದ್ದು ಅವಲ್ಲ, ಇಳಿದದ್ದು ರೋಹಿಣಿ. ಮಾರ್ಚ್ ತಿಂಗಳ ಸಂಜೆ ಅದು ಪಡುವಣಕ್ಕೆ ವಾಲಿರುತ್ತದೆ. ಕಡಲ ಕಡೆಯಿಂದ ತೆಳುವಾದ ಮಂಜು ಬಂದು ಅದರ ಮುಂದೆ ನಿಂತಿತ್ತು. ಕಣ್ಣಿಗೆ ಏನೂ ಕಾಣಿಸಿರಲಿಲ್ಲ.

ನಮ್ಮ ಕರಾವಳಿಯಲ್ಲಿ ಇದು ಮಾಮೂಲು. ನಕ್ಷತ್ರ ಕೆಳಗಿಳಿದಷ್ಟೂ ಅದರ ಬೆಳಕು ಹೆಚ್ಚು ಗಾಳಿಯನ್ನು ದಾಟಬೇಕು. ದಿಗಂತದಿಂದ 30 ಡಿಗ್ರಿ ಎತ್ತರದಲ್ಲಿದ್ದರೆ, ನೆತ್ತಿಯ ಮೇಲಿದ್ದಾಗಿನ ಎರಡರಷ್ಟು. ಅದಕ್ಕೇ ಈಗ ನಾನು ಎರಡೂ ನಕ್ಷತ್ರ ಸಾಕಷ್ಟು ಮೇಲಿರುವಾಗಲೇ ಅಳೆಯುತ್ತೇನೆ. ಪೊಲಕ್ಸ್‌ನ ಅಳತೆ ತಪ್ಪಾಗಿ ಬಂದ ರಾತ್ರಿಯ ಅಂಕಿಯನ್ನು ಯಾರಿಗೂ ಕಳುಹಿಸುವುದಿಲ್ಲ.

ಆ ಅಳತೆಯನ್ನು ಮಾತ್ರ ಅಳಿಸಿಲ್ಲ. ನನ್ನ ಪುಸ್ತಕದಲ್ಲಿ ಅದರ ಪಕ್ಕ ಹೀಗೆ ಬರೆದಿದ್ದೇನೆ: ಪಡುವಣದಲ್ಲಿ ಮಂಜು, ರೋಹಿಣಿ ಮಸುಕು.

ನಮಸ್ಕಾರ.