ಅಟ್ಲಾಂಟಾ ಮೇಳಕ್ಕೆ ಹೊಸ ಭಾಗವತರು: ಪೆನಿಕ್ಸ್ ಕಾಲಿಗೆ ಸ್ವಲ್ಪ ಸಮಯ ಕೊಡಿ

ನಮಸ್ಕಾರ. ಮಾತು ಶುರು ಮಾಡೋ ಮುಂಚೆ ಒಂದು ಕೆಲಸ ಮಾಡಿ. ಕೂತಲ್ಲಿಂದ ಎದ್ದು ಹಾಲ್ ಮಧ್ಯ ನಿಂತ್ಕೊಳ್ಳಿ. ಎದುರಿಗೆ ಟೀವಿ. ಆ ಟೀವಿ ಹತ್ರ ಹನ್ನೊಂದು ಜನ ದೈತ್ಯ ಆಟಗಾರರು ನಿಮ್ಮನ್ನೇ ನೋಡ್ತಾ ನಿಂತಿದ್ದಾರೆ ಅಂದ್ಕೊಳ್ಳಿ. ಈಗ ಅವರಿಗೆ ಬೆನ್ನು ಹಾಕಿ. ಓರೆಯಾಗಿ ಹಿಂದಕ್ಕೆ ನಾಲ್ಕು ಹೆಜ್ಜೆ ಓಡಿ, ಪಕ್ಕದಲ್ಲಿ ಓಡಿಹೋಗ್ತಿರೋ ಒಬ್ಬನಿಗೆ ಚೆಂಡು ಕೊಡೋ ಹಾಗೆ ಕೈ ಚಾಚಿ. ಕೊಡಬೇಡಿ. ಚೆಂಡನ್ನ ಹೊಟ್ಟೆಗೆ ಅವುಚಿಕೊಂಡು ಗಿರಕ್ಕನೆ ತಿರುಗಿ ನೋಡಿ. ಆ ಹನ್ನೊಂದು ಜನರಲ್ಲಿ ಒಬ್ಬನೂ ಮೊದಲಿದ್ದ ಜಾಗದಲ್ಲಿಲ್ಲ. ಒಬ್ಬ ನಿಮ್ಮ ಎದೆಗೇ ಬರ್ತಿದ್ದಾನೆ. ಇಪ್ಪತ್ತು ಯಾರ್ಡ್ ಆಚೆ ನಿಮ್ಮವನೊಬ್ಬ ಓಡ್ತಿದ್ದಾನೆ, ಅವನನ್ನ ಹುಡುಕಿ ಚೆಂಡು ಎಸೀಬೇಕು. ಕೈಯಲ್ಲಿರೋ ಸಮಯ ಒಂದು ಉಸಿರು.

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಇದು ಕ್ವಾರ್ಟರ್‌ಬ್ಯಾಕ್ ಅನ್ನೋನ ಕೆಲಸ, ಚೆಂಡು ಎಸೆದು ದಾಳಿ ನಡೆಸೋನು ಅವನೇ. ಇವತ್ತಿನ ನನ್ನ ಮಾತೆಲ್ಲ ಆ ಒಂದು ಉಸಿರಿನ ಬಗ್ಗೆ.

ನಮ್ಮ ಊರಿನ ತಂಡ ಅಟ್ಲಾಂಟಾ ಫಾಲ್ಕನ್ಸ್‌ನಲ್ಲಿ 2026ರ ಜನವರಿಯಲ್ಲಿ ಇಡೀ ಮನೆಯೇ ಬದಲಾಯ್ತು. ಕ್ವಾರ್ಟರ್‌ಬ್ಯಾಕ್ ಆಗಿ ಈ ಊರಿಗೆ ಹದಿನಾಲ್ಕು ಸೀಸನ್ ಆಡಿದ ಮ್ಯಾಟ್ ರಯಾನ್ ಈಗ ತಂಡದ ಫುಟ್‌ಬಾಲ್ ವಿಭಾಗದ ಅಧ್ಯಕ್ಷರು. ಕ್ಲೀವ್‌ಲ್ಯಾಂಡ್ ಬ್ರೌನ್ಸ್‌ನಿಂದ ಕೆವಿನ್ ಸ್ಟೆಫಾನ್ಸ್ಕಿ ಹೆಡ್ ಕೋಚ್ ಆಗಿ ಬಂದ್ರು. ಅವರ ಜೊತೆಗೇ ಅಲ್ಲಿಂದ ಟಾಮಿ ರೀಸ್ ಆಫೆನ್ಸಿವ್ ಕೋಆರ್ಡಿನೇಟರ್, ಅಂದ್ರೆ ದಾಳಿಯ ಯೋಜನೆ ಮಾಡೋ ಕೋಚ್, ಆಗಿ ಬಂದ್ರು. ಆವತ್ತಿಂದ ಆಲ್ಫರೆಟ್ಟಾ, ಕಮ್ಮಿಂಗ್ ಕಡೆಯ ನಮ್ಮ ಕನ್ನಡದವರ ಮನೆಗಳಲ್ಲಿ ಭಾನುವಾರ ಊಟಕ್ಕೆ ಸೇರಿದಾಗೆಲ್ಲ ಒಂದೇ ಪ್ರಶ್ನೆ. ಇವರ ಸ್ಕೀಮ್, ಅಂದ್ರೆ ಆಡಿಸೋ ಪದ್ಧತಿ, ನಮ್ಮ ಹುಡುಗರಿಗೆ ಹೊಂದುತ್ತಾ?

ಓಡೋರಿಗೆ ಮೊದಲ ದಿನದಿಂದಲೇ ಹೊಂದುತ್ತೆ. ಎಸೆಯೋನಿಗೆ, ಅಂದ್ರೆ ನಮ್ಮ ಕ್ವಾರ್ಟರ್‌ಬ್ಯಾಕ್ ಮೈಕಲ್ ಪೆನಿಕ್ಸ್‌ಗೆ, ಒಂದು ವರ್ಷ ಬೇಕು. ಆ ಒಂದು ವರ್ಷ ಕೊಡೋ ತಾಳ್ಮೆ ನಮಗಿದೆಯಾ ಅನ್ನೋದೇ ನನ್ನ ಚಿಂತೆ.

ನಮ್ಮ ಕರಾವಳಿ ಕಡೆ ಯಕ್ಷಗಾನಕ್ಕೆ 'ಆಟ' ಅಂತಾನೇ ಹೇಳೋದು. ಆಟ ಆಡಿಸೋರು ಭಾಗವತರು. ಅವರು ಕುಣಿಯಲ್ಲ, ಕೂತಲ್ಲೇ ಪದ ಎತ್ತುತ್ತಾರೆ, ಕುಣಿಯೋದು ವೇಷಧಾರಿ. ಮೇಳಕ್ಕೆ ಹೊಸ ಭಾಗವತರು ಬಂದ್ರೆ ಹಳೇ ವೇಷಧಾರಿಗೆ ಪ್ರಸಂಗ ಗೊತ್ತಿರುತ್ತೆ, ಪದಾನೂ ಗೊತ್ತಿರುತ್ತೆ. ಆದ್ರೆ ಇವರು ಎಲ್ಲಿ ಎಳೀತಾರೆ, ಎಲ್ಲಿ ತಟ್ಟನೆ ನಿಲ್ಲಿಸ್ತಾರೆ, ಯಾವಾಗ ಕಾಲ ಏರಿಸ್ತಾರೆ ಅನ್ನೋದು ಕಾಲಿಗೆ ಹತ್ತೋಕೆ ಎಷ್ಟೋ ರಾತ್ರಿ ಬೇಕು. ಕೋಆರ್ಡಿನೇಟರ್ ಅಂದ್ರೆ ನನಗೆ ಈ ಭಾಗವತರೇ.

ಈಗ ಈ ಸ್ಕೀಮ್ ಏನು ಅಂತ ನೋಡೋಣ. ಇದರ ತಾಯಿಬೇರು ವೈಡ್ ಜೋನ್ ಓಟ. ಸ್ಟೆಫಾನ್ಸ್ಕಿ 2019ರಲ್ಲಿ ಮಿನ್ನೆಸೋಟಾದಲ್ಲಿ ಕೋಆರ್ಡಿನೇಟರ್ ಆಗಿದ್ದಾಗ, ಈ ಪದ್ಧತಿಯ ಹಿರಿಯರಾದ ಗ್ಯಾರಿ ಕ್ಯೂಬಿಯಾಕ್ ಅದೇ ತಂಡದಲ್ಲಿ ಸಲಹೆ ಕೊಡೋ ಜಾಗದಲ್ಲಿದ್ರು. ಚೆಂಡು ಕೈಗೆ ಬಂದ ತಕ್ಷಣ ಮುಂದಿನ ಸಾಲಿನಲ್ಲಿ ನಿಂತು ಎದುರಾಳಿಗಳನ್ನ ತಡೆಯೋ ಐದೂ ಲೈನ್‌ಮನ್‌ಗಳು ಒಟ್ಟಿಗೆ ಒಂದೇ ಕಡೆಗೆ, ಬಲಕ್ಕೋ ಎಡಕ್ಕೋ, ಅಡ್ಡಡ್ಡ ಓಡ್ತಾರೆ. ಎದುರಾಳಿಗಳೂ ವಿಧಿಯಿಲ್ಲದೆ ಜೊತೆಗೆ ಅಡ್ಡ ಓಡ್ತಾರೆ. ಹಾಗೆ ಓಡುವಾಗ ಎಲ್ಲೋ ಒಂದು ಕಡೆ ಗೋಡೆ ಬಿರುಕು ಬಿಡುತ್ತೆ. ಚೆಂಡು ಹಿಡಿದು ಓಡೋ ರನ್ನಿಂಗ್ ಬ್ಯಾಕ್ ಆ ಬಿರುಕು ನೋಡಿ ಒಂದೇ ಒಂದು ಸಲ ಕಾಲು ಊರಿ ದಿಕ್ಕು ಬದಲಿಸಿ ನುಗ್ತಾನೆ.

ನಮ್ಮ ರನ್ನಿಂಗ್ ಬ್ಯಾಕ್ ಬಿಜಾನ್ ರಾಬಿನ್ಸನ್ ಹುಟ್ಟಿರೋದೇ ಇದಕ್ಕೆ. 2024ರಲ್ಲಿ 1,456 ಯಾರ್ಡ್ ಓಡಿ 14 ಟಚ್‌ಡೌನ್ (ಎದುರಾಳಿಯ ಕೊನೇ ಗೆರೆ ದಾಟಿ ಪಾಯಿಂಟ್ ಗಳಿಸೋದು) ಮಾಡಿದ. 2025ರಲ್ಲಿ ಓಟ, ಕ್ಯಾಚ್ ಎರಡೂ ಸೇರಿ 2,000 ಯಾರ್ಡ್ ದಾಟಿದ. ಅಡ್ಡ ಓಡುವಾಗ ಅವನು ಅವಸರ ಮಾಡಲ್ಲ. ಲೈನ್‌ಮನ್ ಬೆನ್ನಿಗೆ ಕೈ ಇಟ್ಟುಕೊಂಡು ಬಾಗಿಲು ತೆರೆಯೋದನ್ನ ಕಾಯ್ತಾನೆ, ತೆರೀತೋ, ಮಾಯ. ಹಿಂದಿನ ಕೋಚ್‌ಗಳ ಕೈಲೂ ಈ ಜಾತಿಯ ಓಟಾನೇ ಓಡಿಕೊಂಡು ಬಂದವನು. ಅವನ ಬಗ್ಗೆ ನನಗೆ ಒಂದು ಚೂರೂ ಭಯ ಇಲ್ಲ. ಪಾಸ್ ಹಿಡಿಯೋ ಡ್ರೇಕ್ ಲಂಡನ್ ಬಗ್ಗೆಯೂ ಇಲ್ಲ. ಆರಡಿ ನಾಲ್ಕಿಂಚು ಆಳು, 2024ರಲ್ಲಿ ಸರಿಯಾಗಿ 100 ಕ್ಯಾಚ್, 1,271 ಯಾರ್ಡ್. ಎದುರಾಳಿಯ ಎರಡನೇ ಸಾಲಿನ ಲೈನ್‌ಬ್ಯಾಕರ್‌ಗಳು ಓಟಕ್ಕೆ ಮೋಸಹೋಗಿ ಮುಂದೆ ಬಂದಾಗ ಅವರ ಬೆನ್ನ ಹಿಂದೆ ಖಾಲಿಯಾಗೋ ಜಾಗದಲ್ಲಿ ನಿಂತು ಚೆಂಡು ಹಿಡಿಯೋಕೆ ಇವನಂಥ ಮೈಕಟ್ಟು ಬೇಕು.

ಆ ಮೋಸ ಹೋಗೋದು ಇದೆಯಲ್ಲ, ಅದೇ ಈ ಸ್ಕೀಮ್‌ನ ಎರಡನೇ ಅರ್ಧ. ಓಟಕ್ಕೂ ಪಾಸ್‌ಗೂ ಮೊದಲ ಮೂರು ಹೆಜ್ಜೆ ಒಂದೇ ಥರ. ಕ್ವಾರ್ಟರ್‌ಬ್ಯಾಕ್, ಚೆಂಡು ಹಿಂದಕ್ಕೆ ಕೊಡೋ ಸೆಂಟರ್ ಹಿಂದೆ ಅಂಟಿ ನಿಂತು ಚೆಂಡು ತಗೋತಾನೆ, ಬೆನ್ನು ಹಾಕ್ತಾನೆ, ಕೊಟ್ಟ ಹಾಗೆ ಮಾಡ್ತಾನೆ, ತಿರುಗ್ತಾನೆ. ನಿಮ್ಮ ಹಾಲ್‌ನಲ್ಲಿ ಈಗ ಮಾಡಿದ್ರಲ್ಲ, ಅದೇ.

ಮೈಕಲ್ ಪೆನಿಕ್ಸ್ ಆಡಿ ಬೆಳೆದದ್ದು ಇದಕ್ಕೆ ಪೂರ್ತಿ ಉಲ್ಟಾ. ವಾಷಿಂಗ್ಟನ್ ಯೂನಿವರ್ಸಿಟಿಯಲ್ಲಿ 2023ರಲ್ಲಿ 4,903 ಯಾರ್ಡ್ ಎಸೆದ ಹುಡುಗ, ಬಹುಪಾಲು ಶಾಟ್‌ಗನ್‌ನಲ್ಲಿ ನಿಂತು ಎಸೆದ. ಶಾಟ್‌ಗನ್ ಅಂದ್ರೆ ಐದು ಯಾರ್ಡ್ ಹಿಂದೆ ನಿಂತಿರ್ತೀರಿ, ಚೆಂಡು ಹಾರಿ ಬರುತ್ತೆ, ಕಣ್ಣು ಒಂದು ಕ್ಷಣಾನೂ ಎದುರಾಳಿಯನ್ನ ಬಿಡಲ್ಲ. ಅಷ್ಟು ವರ್ಷ ಕಣ್ಣು ಬಿಟ್ಟುಕೊಂಡು ಆಡಿದವನಿಗೆ ಈಗ 'ಬೆನ್ನು ಹಾಕು' ಅಂತ ಹೇಳ್ತಿದ್ದೀವಿ. ಅದರ ಮೇಲೆ ಮಂಡಿ. ಕಾಲೇಜಿನಲ್ಲಿ ಎರಡು ಸಲ ಬಲಮಂಡಿಯ ಎಸಿಎಲ್ ಅನ್ನೋ ಕಟ್ಟುನಾರು ಹರಿದಿತ್ತು, 2025ರ ನವೆಂಬರ್‌ನಲ್ಲಿ ಎಡಮಂಡಿಗೆ ಪೆಟ್ಟಾಗಿ ಸೀಸನ್ ಮುಗೀತು.

ಇಲ್ಲಿ ನಾನು 2015ಕ್ಕೆ ಹೋಗಲೇಬೇಕು, ಯಾಕಂದ್ರೆ ಇದೇ ಊರಿನಲ್ಲಿ ಇದೇ ಕಥೆ ನಾವು ಕಣ್ಣಾರೆ ನೋಡಿದ್ದೀವಿ. ಆ ವರ್ಷ ಕೈಲ್ ಶಾನಹಾನ್ ಕೋಆರ್ಡಿನೇಟರ್ ಆಗಿ ಬಂದ್ರು, ಇದೇ ವೈಡ್ ಜೋನ್, ಇದೇ ಬೆನ್ನು ಹಾಕೋ ಪಾಸ್ ತಂದ್ರು. ಮ್ಯಾಟ್ ರಯಾನ್ ಆಗ ಮೂವತ್ತರ ಆಟಗಾರ, ತಂಡವನ್ನ ಎಷ್ಟೋ ಸಲ ಪ್ಲೇಆಫ್‌ಗೆ ಕರ್ಕೊಂಡು ಹೋದವರು. ಮೊದಲ ಐದು ಮ್ಯಾಚ್ ಗೆದ್ದರು, ಆಮೇಲೆ ಎಲ್ಲಾ ಕಳಚಿಕೊಳ್ತು. ಕೊನೆಗೆ 8-8, ಅಂದ್ರೆ ಎಂಟು ಗೆಲುವು, ಎಂಟು ಸೋಲು. ರಯಾನ್ 21 ಟಚ್‌ಡೌನ್, 16 ಇಂಟರ್‌ಸೆಪ್ಷನ್ (ಎಸೆದ ಚೆಂಡು ಎದುರಾಳಿ ಕೈಗೆ ಸಿಕ್ಕಿದ್ದು). ಈ ಸ್ಕೀಮ್ ಇವರಿಗೆ ಹೊಂದಲ್ಲ, ಇವರ ಕಾಲ ಮುಗೀತು ಅಂತ ಎಷ್ಟು ಜನ ಅಂದ್ರು ನೆನಪಿದೆ. ನಾನೂ ಅಂದಿದ್ದೆ. ತಪ್ಪು ನನ್ನದೇ.

ಮರುವರ್ಷ 38 ಟಚ್‌ಡೌನ್, 7 ಇಂಟರ್‌ಸೆಪ್ಷನ್, 4,944 ಯಾರ್ಡ್, ಲೀಗ್‌ನ ಎಂವಿಪಿ, ಅಂದ್ರೆ ವರ್ಷದ ಶ್ರೇಷ್ಠ ಆಟಗಾರ. ತಂಡ ಹೊಡೆದದ್ದು 540 ಪಾಯಿಂಟ್, ಆ ವರ್ಷ ಎಲ್ಲರಿಗಿಂತ ಜಾಸ್ತಿ. ಸ್ಕೀಮ್ ಒಂದೇ ಕಾರಣ ಅಂತ ನಾನು ಹೇಳಲ್ಲ. ಸೆಂಟರ್ ಜಾಗಕ್ಕೆ ಅಲೆಕ್ಸ್ ಮ್ಯಾಕ್ ಬಂದ್ರು, ಕ್ಲೀವ್‌ಲ್ಯಾಂಡ್‌ನಲ್ಲಿ ಶಾನಹಾನ್ ಕೈಕೆಳಗೆ ಆಡಿದ್ದವರು, ಭಾಷೆ ಮೊದಲೇ ಗೊತ್ತಿದ್ದವರು. ಆದ್ರೂ ಆ ವರ್ಷದ ರಯಾನ್ ಅವರನ್ನ ನೋಡಿದ್ರೆ ಗೊತ್ತಾಗ್ತಿತ್ತು. ತಿರುಗೋ ಹೊತ್ತಿಗೆ ಅವರು ಹುಡುಕ್ತಿರಲಿಲ್ಲ. ಯಾರು ಎಲ್ಲಿರ್ತಾರೆ ಅಂತ ಬೆನ್ನಿಗೇ ಗೊತ್ತಿತ್ತು. 2017ರ ಜನವರಿಯಲ್ಲಿ ಜಾರ್ಜಿಯಾ ಡೋಮ್‌ನ ಕೊನೇ ಮ್ಯಾಚ್, ಗ್ರೀನ್ ಬೇ ವಿರುದ್ಧ 44-21. ಮೇಲಿನ ಸಾಲಿನಲ್ಲಿ ಕೂತು ನೋಡಿದ ನನಗೆ ಆವತ್ತಿನ ಸದ್ದು ಇನ್ನೂ ಕಿವಿಯಲ್ಲಿದೆ.

ಅದರ ನಂತರದ್ದು ಇನ್ನೂ ಮುಖ್ಯ. ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ಸೋತ ಬೆನ್ನಿಗೇ ಶಾನಹಾನ್ ಸ್ಯಾನ್ ಫ್ರಾನ್ಸಿಸ್ಕೋಗೆ ಹೋದ್ರು, ಅಲಬಾಮಾದಿಂದ ಸ್ಟೀವ್ ಸಾರ್ಕಿಸಿಯನ್ ಬಂದ್ರು. ಅದೇ ರಯಾನ್, ಪಾಸ್ ಹಿಡಿಯೋ ಅದೇ ಹೂಲಿಯೋ ಜೋನ್ಸ್, ಚೆಂಡು ಹಿಡಿದು ಓಡೋ ಅದೇ ಫ್ರೀಮನ್, ಅದೇ ಮ್ಯಾಕ್. 540 ಪಾಯಿಂಟ್ ಇದ್ದದ್ದು 353ಕ್ಕೆ ಬಿತ್ತು. ರಯಾನ್ 20 ಟಚ್‌ಡೌನ್, 12 ಇಂಟರ್‌ಸೆಪ್ಷನ್. ಎಲ್ಲರೂ ಸಾರ್ಕಿಸಿಯನ್‌ಗೆ ಬೈದ್ರು. ಅವರ ಎರಡನೇ ವರ್ಷ, 2018ರಲ್ಲಿ, ಅದೇ ರಯಾನ್ 35 ಟಚ್‌ಡೌನ್, 7 ಇಂಟರ್‌ಸೆಪ್ಷನ್, 4,924 ಯಾರ್ಡ್. ಡಿಫೆನ್ಸ್‌ನಲ್ಲಿ ಗಾಯಾಳುಗಳ ಸಾಲು ಇತ್ತು, ತಂಡ 7-9ಕ್ಕೆ ಮುಗಿಸ್ತು, ಸಾರ್ಕಿಸಿಯನ್ ಅವರನ್ನ ಮನೆಗೆ ಕಳಿಸಿದ್ರು.

ಎರಡು ಸಲ ಹೊಸ ಭಾಗವತರು, ಎರಡು ಸಲವೂ ಮೊದಲ ವರ್ಷ ತಾಳ ತಪ್ಪಿತು, ಎರಡನೇ ವರ್ಷ ಕುಣಿತ ಕೂಡಿ ಬಂತು. ಎರಡನೇ ಸಲ ಅದು ಕೂಡಿ ಬಂದಾಗ ನಾವೇ ಭಾಗವತರನ್ನ ಎಬ್ಬಿಸಿ ಕಳಿಸಿದ್ವಿ. ಇದು ನನಗೆ ಇವತ್ತಿಗೂ ಚುಚ್ಚುತ್ತೆ.

ಕ್ಲೀವ್‌ಲ್ಯಾಂಡ್ ಉದಾಹರಣೆಯನ್ನ ನನ್ನೆದುರು ಇಡೋರಿದ್ದಾರೆ. ಸ್ಟೆಫಾನ್ಸ್ಕಿ 2020ರಲ್ಲಿ ಅಲ್ಲಿಗೆ ಹೋದ ಮೊದಲ ವರ್ಷವೇ 11-5 ಮಾಡಿದ್ರಲ್ಲ, ಅಲ್ಲಿನ ಕ್ವಾರ್ಟರ್‌ಬ್ಯಾಕ್ ಬೇಕರ್ ಮೇಫೀಲ್ಡ್‌ನ 21 ಇಂಟರ್‌ಸೆಪ್ಷನ್ 8ಕ್ಕೆ ಇಳೀತಲ್ಲ ಅಂತ. ನಿಜ. ಆದ್ರೆ ಆ ಎಂಟರಲ್ಲಿ ಹೆಚ್ಚಿನವು ಸೀಸನ್‌ನ ಮೊದಲ ಅರ್ಧದಲ್ಲೇ ಬಂದವು. ಮೇಫೀಲ್ಡ್‌ಗೆ ಓಡ್ತಾ ಎಸೆಯೋದು ಮೊದಲಿಂದ ಒಗ್ಗಿತ್ತು. 2024ರಲ್ಲಿ ಏನಾಯ್ತು ಅಂತಾನೂ ನೋಡಬೇಕು. ಆಗಿನ ಕ್ವಾರ್ಟರ್‌ಬ್ಯಾಕ್ ಡೆಶಾನ್ ವಾಟ್ಸನ್‌ಗೆ ಅನುಕೂಲ ಆಗಲಿ ಅಂತ ಬೇರೆ ಕೋಆರ್ಡಿನೇಟರ್ ತಂದು, ತಮ್ಮ ಪದ್ಧತಿ ಬಿಟ್ಟು ಶಾಟ್‌ಗನ್ ಕಡೆ ವಾಲಿದ್ರು. 3-14. ಆಟಗಾರನಿಗೆ ಹೊಂದಿಸೋದು ಒಳ್ಳೇದೇ, ಆದ್ರೆ ಕಲಿಸೋರಿಗೇ ಬರದ ಪದ ಹಾಡಿಸಿದ್ರೆ ವೇಷಧಾರಿ ಏನು ಮಾಡ್ತಾನೆ?

ಹಾಗಾಗಿ ರೀಸ್ ಮತ್ತು ಸ್ಟೆಫಾನ್ಸ್ಕಿ ತಮ್ಮ ಸ್ಕೀಮ್ ಬಿಡಬಾರದು. ಅದರೊಳಗೇ ಪೆನಿಕ್ಸ್‌ಗೆ ಬೇಕಾದ್ದು ಇದೆ. ಬೆನ್ನು ಹಾಕಿ ಹೊರಕ್ಕೆ ಓಡೋ ಬೂಟ್‌ಲೆಗ್ ಒಂದೇ ಅಲ್ಲ. ಅದೇ ನಟನೆ ಮಾಡಿ, ಓಡದೆ, ಹಿಂದಕ್ಕೆ ಹೋಗಿ ಗಟ್ಟಿಯಾಗಿ ನಿಂತು ದೂರ ಎಸೆಯೋ ಪ್ಲೇ ಇವೆ. ತಡೆಯೋದೂ ಹಿಡಿಯೋದೂ ಎರಡೂ ಮಾಡೋ ಟೈಟ್ ಎಂಡ್ ಇಬ್ಬರನ್ನ ನಿಲ್ಲಿಸಿ, ಒಬ್ಬನನ್ನ ರಕ್ಷಣೆಗೆ ಇಟ್ಟುಕೊಂಡು, ಇಬ್ಬರನ್ನೇ ಆಳಕ್ಕೆ ಕಳಿಸೋದು. ಪೆನಿಕ್ಸ್ ತೋಳು ಇರೋದೇ ಅದಕ್ಕೆ. ಮಂಡಿಗೂ ಅದೇ ಕ್ಷೇಮ. ಮೊದಲ ವರ್ಷ ಇದನ್ನೇ ಹೆಚ್ಚು ಮಾಡಲಿ, ಬೂಟ್‌ಲೆಗ್ ಉಪ್ಪಿನಕಾಯಿ ಥರ ತಟ್ಟೆ ಅಂಚಲ್ಲಿರಲಿ.

ಇನ್ನೊಂದು, ಯಾರೂ ಹೆಚ್ಚು ಮಾತಾಡದ ವಿಷಯ. ಪೆನಿಕ್ಸ್ ಎಡಗೈಯವನು. ಎಡಗೈಯವನಿಗೆ ಎಡಕ್ಕೆ ಓಡ್ತಾ ಎಸೆಯೋದು ಸುಲಭ. ಎಡಕ್ಕೆ ಬೂಟ್‌ಲೆಗ್ ಆಗಬೇಕಾದ್ರೆ ಓಟದ ನಟನೆ ಬಲಕ್ಕೆ ಆಗಬೇಕು. ಬಲಗಡೆ ಗಾರ್ಡ್ (ಸೆಂಟರ್ ಪಕ್ಕದ ಲೈನ್‌ಮನ್) ಜಾಗದಲ್ಲಿ ಯಾರು? ಕ್ರಿಸ್ ಲಿಂಡ್‌ಸ್ಟ್ರೋಮ್, ನಮ್ಮ ಲೈನ್‌ನ ಅತಿ ಒಳ್ಳೇ ಆಟಗಾರ, ಅಡ್ಡ ಓಡೋದ್ರಲ್ಲಿ ಇಡೀ ಲೀಗ್‌ನಲ್ಲೇ ಹೆಸರು ಮಾಡಿದವರು. ಬಿಜಾನ್ ಅವರ ಬೆನ್ನ ಹಿಂದೆ ಬಲಕ್ಕೆ ಮತ್ತೆ ಮತ್ತೆ ಓಡಲಿ. ಎದುರಾಳಿ ಬಲಕ್ಕೇ ಕಣ್ಣು ನೆಟ್ಟಾಗ ಪೆನಿಕ್ಸ್ ಎಡಕ್ಕೆ ಹೊರಬರಲಿ. ಬೀಗಕ್ಕೆ ಕೀಲಿ ಕೂತ ಹಾಗೆ ಕೂರುತ್ತೆ ಇದು.

ಎಡಗಡೆ ಟ್ಯಾಕಲ್, ಅಂದ್ರೆ ಲೈನ್‌ನ ಎಡ ತುದಿಯಲ್ಲಿ ನಿಲ್ಲೋ ಜೇಕ್ ಮ್ಯಾಥ್ಯೂಸ್ ಬಗ್ಗೆ ಹೇಳದೆ ಮುಗಿಸೋಕೆ ಮನಸ್ಸು ಬರಲ್ಲ. 2014ರಲ್ಲಿ ಬಂದವರು, ಶಾನಹಾನ್ ಕಾಲದಲ್ಲೂ ಇದೇ ಅಡ್ಡ ಹೆಜ್ಜೆ ಹಾಕಿದವರು. ಆ ಸೂಪರ್ ಬೌಲ್‌ನಲ್ಲಿ 28-20 ಮುಂದಿದ್ದಾಗ, ಹೂಲಿಯೋ ಗೆರೆ ಅಂಚಲ್ಲಿ ಆ ಕ್ಯಾಚ್ ಹಿಡಿದು 22 ಯಾರ್ಡ್ ಗೆರೆಗೆ ತಂದಾಗ, ಮೂರು ಸಲ ಸುಮ್ಮನೆ ಓಡಿ, ಚೆಂಡು ಒದ್ದು ಫೀಲ್ಡ್ ಗೋಲ್ ಹೊಡೆದಿದ್ರೆ ಸಾಕಿತ್ತು. ಪಾಸ್ ಕರೆದ್ರು, ರಯಾನ್ ಸ್ಯಾಕ್ ಆದ್ರು, ಅಂದ್ರೆ ಎಸೆಯೋ ಮೊದಲೇ ಅವರನ್ನ ಹಿಂದೆಯೇ ಕೆಡವಿದ್ರು, ಮುಂದಿನ ಪ್ಲೇಯಲ್ಲಿ ಎದುರಾಳಿಯನ್ನ ಹಿಡಿದದ್ದಕ್ಕೆ ಮ್ಯಾಥ್ಯೂಸ್ ಮೇಲೆ ಹೋಲ್ಡಿಂಗ್ ಪೆನಾಲ್ಟಿ. ಫೀಲ್ಡ್ ಗೋಲ್ ದೂರ ಕೈತಪ್ಪಿತು. ಆ ನೋವನ್ನ ಮೈಮೇಲೆ ಹೊತ್ತು ಒಂದು ದಶಕ ಇದೇ ಅಂಗಿ ಹಾಕಿ ಆಡಿದ ಮನುಷ್ಯ. ಪೆನಿಕ್ಸ್‌ಗೆ ಈ ಸ್ಕೀಮ್ ಕಾಲಿಗೆ ಹತ್ತೋ ತನಕ ಏನೇನು ತಪ್ಪಾಗುತ್ತೆ ಅಂತ ಕೇಳೋಕೆ ಡ್ರೆಸ್ಸಿಂಗ್ ರೂಮ್‌ನಲ್ಲಿ ಇವರಿದ್ದಾರೆ, ಮೇಲಿನ ಆಫೀಸಿನಲ್ಲಿ ರಯಾನ್ ಇದ್ದಾರೆ. ಬೇರೆ ಯಾವ ತಂಡಕ್ಕೂ ಈ ಭಾಗ್ಯ ಇಲ್ಲ.

ಸೆಪ್ಟೆಂಬರ್‌ನಲ್ಲಿ ಆಟ ಶುರುವಾದಾಗ ಮೊದಲ ನಾಲ್ಕು ವಾರ ನಾನು ಸ್ಕೋರ್ ಬಗ್ಗೆ ಇಲ್ಲಿ ಮಾತಾಡಲ್ಲ. ಬೆನ್ನು ಹಾಕಿ ತಿರುಗಿದ ಮೇಲೆ ಪೆನಿಕ್ಸ್ ತಲೆ ಎಷ್ಟು ಸಲ ಅತ್ತಿತ್ತ ಆಡುತ್ತೆ ಅಂತ ಪ್ರತಿ ಪ್ಲೇಗೂ ಎಣಿಸಿ ಬರೆದಿಟ್ಟುಕೊಳ್ತೀನಿ. ಎರಡು ಸಲ ಆಡಿದ್ರೆ ಅವನು ಇನ್ನೂ ಹುಡುಕ್ತಿದ್ದಾನೆ ಅಂತ. ಒಂದೇ ಸಲ ಆದ್ರೆ ಕಲೀತಿದ್ದಾನೆ ಅಂತ. ನೀವೂ ಎಣಿಸಿ, ನಾಲ್ಕನೇ ವಾರ ಮುಗಿದ ಮೇಲೆ ಇಬ್ಬರ ಲೆಕ್ಕಾನೂ ಪಕ್ಕ ಪಕ್ಕ ಇಟ್ಟು ನೋಡೋಣ.