ಹೊಗೆ ಕಾಣದ ಇದ್ದಿಲು

ಕೇಳುಗರಿಗೆ ನಮಸ್ಕಾರ.

ನಿಗಿನಿಗಿ ಕೆಂಡವಾದ ಇದ್ದಿಲನ್ನು ನೋಡಿದ್ದೀರಿ ಅಲ್ವಾ? ಹೊಗೆ ಇಲ್ಲ, ಕಣ್ಣುರಿ ಇಲ್ಲ. ಹಸಿ ಸೌದೆ ಊದಿ ಊದಿ ಸಾಕಾದವರಿಗೆ ಅದು ದೊಡ್ಡ ಬಿಡುಗಡೆ. ಆಫ್ರಿಕಾದ ನಗರಗಳಲ್ಲಿ ಇದ್ದಿಲು ಇಷ್ಟೊಂದು ಬಳಕೆಗೆ ಬಂದದ್ದು ಸುಮ್ನೆ ಅಲ್ಲ. ಸೌದೆಗಿಂತ ಹಗುರ, ಸಾಗಿಸುವುದು ಸುಲಭ, ಚಿಕ್ಕ ಮನೆಯಲ್ಲೂ ಉರಿಸಬಹುದು. ಜೊತೆಗೆ, ಇವತ್ತಿನ ಅಡುಗೆಗೆ ಎಷ್ಟು ಬೇಕೋ ಅಷ್ಟೇ, ಒಂದು ಡಬ್ಬಿ ಅಳೆಸಿಕೊಂಡು ತರಬಹುದು. ಈ ಡಬ್ಬಿಯನ್ನು ನೆನಪಿಟ್ಟುಕೊಳ್ಳಿ. ಅದರ ವಿಷಯಕ್ಕೆ ಮತ್ತೆ ಬರುತ್ತೇನೆ.

ಆ ಇದ್ದಿಲು ಎಲ್ಲಿಂದ ಬರುತ್ತದೆ? ಮರ ಕಡಿದು ಪೇರಿಸುತ್ತಾರೆ. ಮೇಲೆ ಹುಲ್ಲು, ಮಣ್ಣು ಮುಚ್ಚಿ ದಿನಗಟ್ಟಲೆ ಒಳಗೊಳಗೇ ಸುಡುತ್ತಾರೆ. ಇಂಥ ಮಣ್ಣಿನ ಗೂಡಿನಲ್ಲಿ ಒಂದು ಕಿಲೋ ಇದ್ದಿಲು ಸಿಗಬೇಕಾದರೆ 5ರಿಂದ 10 ಕಿಲೋ ಸೌದೆ ಬೇಕು. ಮರದೊಳಗಿನ ಶಾಖದಲ್ಲಿ ಅರ್ಧಕ್ಕಿಂತ ಜಾಸ್ತಿ ಅಲ್ಲೇ ಹಾಳಾಗುತ್ತದೆ. ಅಡುಗೆಮನೆಯಲ್ಲಿ ಕಾಣದ ಹೊಗೆ ಕಾಡಿನಲ್ಲಿ ಎದ್ದಿರುತ್ತದೆ, ಅಷ್ಟೇ ವ್ಯತ್ಯಾಸ. ಆಫ್ರಿಕಾದ ಕಾಂಗೋ ದೇಶದ ವಿರುಂಗಾ ಕಾಡಿನಲ್ಲಿ 2007ರಲ್ಲಿ ಗೊರಿಲ್ಲಾಗಳನ್ನು ಗುಂಡಿಟ್ಟು ಕೊಂದರು, ಅದರ ಹಿಂದೆಯೂ ಇದ್ದಿಲಿನ ಕಳ್ಳದಂಧೆಯ ನೆರಳಿತ್ತು.

ಹಾಗಾದರೆ ಮರವಿಲ್ಲದೆ ಇದ್ದಿಲು ಮಾಡಬಹುದೇ? ಮಾಡಬಹುದು. ಕಾಡು ತೀರಾ ಸವೆದುಹೋದ ಕೆರಿಬಿಯನ್ ದೇಶ ಹೈಟಿಯಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಏಮಿ ಸ್ಮಿತ್ ಮತ್ತು ಅವರ ವಿದ್ಯಾರ್ಥಿಗಳು ಅಲ್ಲಿನವರ ಜೊತೆ ಸೇರಿ ಕಬ್ಬಿನ ಸಿಪ್ಪೆಯಿಂದ ಇದ್ದಿಲು ಮಾಡಿದರು. ಬೇಕಾದದ್ದು ಒಂದು ಹಳೇ ಎಣ್ಣೆ ಡ್ರಮ್. ತಳಕ್ಕೆ ತೂತು ಕೊರೆದು, ಕಲ್ಲಿನ ಮೇಲಿಟ್ಟು, ಒಣ ಸಿಪ್ಪೆ ತುಂಬಿ ಬೆಂಕಿ ಹಚ್ಚುತ್ತಾರೆ. ಮೊದಲು ದಟ್ಟ ಹೊಗೆ ಏಳುತ್ತದೆ. ಅದು ತೆಳುವಾಗುವವರೆಗೂ ಕಾಯಬೇಕು. ಆಮೇಲೆ ತಡಮಾಡುವಂತಿಲ್ಲ. ಕಲ್ಲು ತೆಗೆದು ಡ್ರಮ್ಮನ್ನು ನೆಲಕ್ಕಿಳಿಸಿ, ಮುಚ್ಚಳ ಹಾಕಿ, ಗಾಳಿ ನುಸುಳದಂತೆ ಅಂಚಿಗೆಲ್ಲ ಮರಳು ಮೆತ್ತಬೇಕು. ತಡವಾದರೆ ಉಳಿಯುವುದು ಬರೀ ಬೂದಿ. ಆರಿದ ಮೇಲೆ ತೆರೆದರೆ ಸಿಪ್ಪೆ ಕಪ್ಪಾಗಿರುತ್ತದೆ, ಹಿಡಿದರೆ ಪುಡಿಪುಡಿ. ಆ ಪುಡಿಗೆ ಮರಗೆಣಸಿನ ಗಂಜಿ ಕಲಸಿ, ಉಂಡೆ ಒತ್ತಿ, ಬಿಸಿಲಿಗೆ ಹಾಕುತ್ತಾರೆ. ಮೆಕ್ಕೆಜೋಳದ ದಿಂಡಾದರೆ ಗಂಜಿಯೂ ಬೇಡ, ದಿಂಡೇ ಇದ್ದಿಲಾಗುತ್ತದೆ. ಹೊಲದಲ್ಲಿ ಸುಟ್ಟುಹೋಗುವ ಕಸ ಒಲೆಗೆ ಬರುವುದು ನನಗಂತೂ ತುಂಬಾ ಇಷ್ಟವಾದ ಸಂಗತಿ.

ಆದರೆ ಇಲ್ಲೊಂದು ಮಾತು ಒತ್ತಿ ಹೇಳಬೇಕು. ಇದರಿಂದ ಕಾಡು ಉಳಿಯಬಹುದು, ಉಸಿರು ಉಳಿಯುವುದಿಲ್ಲ. ಮರದ್ದಾಗಲಿ, ಕಬ್ಬಿನದ್ದಾಗಲಿ, ಉರಿಯುವ ಇದ್ದಿಲು ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆ ಕಾಣುತ್ತಿಲ್ಲವಲ್ಲ ಅಂತ ಬಾಗಿಲು ಹಾಕಿ ಮಲಗಿದವರು ಮತ್ತೆ ಏಳದೆ ಹೋಗಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ, ಒಲೆಗಳಿಂದ ಮನೆಯೊಳಗೆ ಕೆಟ್ಟ ಗಾಳಿಗೆ 2020ರಲ್ಲಿ ಸುಮಾರು 32 ಲಕ್ಷ ಜನ ಬಲಿಯಾದರು. ಅವರಲ್ಲಿ 2,37,000ಕ್ಕೂ ಹೆಚ್ಚು ಮಂದಿ ಐದು ವರ್ಷ ತುಂಬದ ಮಕ್ಕಳು.

ಉಸಿರು ಉಳಿಯಬೇಕಾದರೆ ಗ್ಯಾಸ್, ಬಯೋಗ್ಯಾಸ್, ಎಥನಾಲ್ ಅಥವಾ ಕರೆಂಟ್ ಬೇಕು. ಸಿಲಿಂಡರಿನ ಗ್ಯಾಸ್ ನೆಲದಡಿಯ ಇಂಧನ, ನಿಜ. ಆದರೂ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಒಲೆ ಮುಂದೆ ಕೂತ ತಾಯಿಗೆ ಅದು ಬೇಡ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಕರೆಂಟಿನ ಪ್ರೆಷರ್ ಕುಕ್ಕರ್ ಇನ್ನೂ ಚೆನ್ನ. ಸುತ್ತಲೂ ಶಾಖ ಸೋರದಂತೆ ಹೊದಿಕೆ ಇರುವುದರಿಂದ ಕರೆಂಟ್ ಬಹಳ ಕಡಿಮೆ ಸಾಕು. ಇದ್ದಿಲ ಮೇಲೆ ಗಂಟೆಗಟ್ಟಲೆ ಕುದಿಯುವ ಒಣಕಾಳು ಅದರಲ್ಲಿ ಬೇಗ ಬೇಯುತ್ತದೆ.

ಈಗ ಆ ಡಬ್ಬಿಗೆ ಬರೋಣ. ದಿನಗೂಲಿಯ ಮನೆಯಲ್ಲಿ ಒಂದು ಡಬ್ಬಿ ಇದ್ದಿಲಿಗೆ ದುಡ್ಡಿರುತ್ತದೆ, ಇಡೀ ಸಿಲಿಂಡರಿಗೆ ಒಂದೇ ಸಲ ಕೊಡಲು ಇರುವುದಿಲ್ಲ. ತಿಂಗಳಿಡೀ ಕೂಡಿಸಿದರೆ ಇದ್ದಿಲಿಗೇ ಹೆಚ್ಚು ಖರ್ಚಾದರೂ ಅಷ್ಟೇ. ಕೀನ್ಯಾ, ಟಾಂಜಾನಿಯಾಗಳಲ್ಲಿ ಇದಕ್ಕೆ ದಾರಿ ಹುಡುಕಿದ್ದಾರೆ. ಸಿಲಿಂಡರಿಗೆ ಮೀಟರ್ ಕೂರಿಸುತ್ತಾರೆ. ಮೊಬೈಲಿನಿಂದ ಸ್ವಲ್ಪ ಹಣ ಕಳಿಸಿದರೆ ಅಷ್ಟಕ್ಕೆ ತಕ್ಕ ಗ್ಯಾಸ್ ಬರುತ್ತದೆ, ಮುಗಿದರೆ ನಿಲ್ಲುತ್ತದೆ. ಡಬ್ಬಿ ಅಳೆದು ಕೊಂಡ ಹಾಗೇ.

ಹೀಗಿದ್ದರೂ ಅಲ್ಲಿನ ಎಷ್ಟೋ ಮನೆಗಳ ಮೂಲೆಯಲ್ಲಿ ಜಿಕೋ ಇನ್ನೂ ಇದೆ. ತಗಡಿನ ಮೈಯ, ಒಳಗೆ ಸುಟ್ಟ ಮಣ್ಣಿನ ಬಟ್ಟಲಿರುವ ಇದ್ದಿಲೊಲೆ ಅದು. ಕರೆಂಟ್ ಹೋದ ದಿನ, ಮೊಬೈಲಿನಲ್ಲಿ ಹಣ ಮುಗಿದ ದಿನ, ಅದು ಮತ್ತೆ ಹೊರಗೆ ಬರುತ್ತದೆ.

ನಮಸ್ಕಾರ.