ಬಾಬ್ ಅಲ್ಲ, ರೊಬೆರ್ಟೊ

ನಮಸ್ಕಾರ. ಅಮೆರಿಕದ ಪಿಟ್ಸ್‌ಬರ್ಗ್‌ನಿಂದ ಮಾತಾಡುತ್ತಿದ್ದೇನೆ. ಇವತ್ತು ಬೇಸ್‌ಬಾಲ್ ವಿಷಯ. ಆ ಆಟ ನಮಗೆ ಗೊತ್ತಿಲ್ಲ ಅಂತ ಎದ್ದು ಹೋಗಬೇಡಿ. ಆಟಕ್ಕಿಂತ ಆಟ ನೋಡುವವರ ಬಗ್ಗೆಯೇ ಜಾಸ್ತಿ ಹೇಳುವುದಿದೆ. ಅದರಲ್ಲಿ ನಾನೂ ಇದ್ದೇನೆ.

ನಮ್ಮ ಪಕ್ಕದ ಮನೆಯಲ್ಲಿ ಎಪ್ಪತ್ತು ದಾಟಿದ ಹಿರಿಯರೊಬ್ಬರಿದ್ದಾರೆ. ಬಿಳಿಯರು, ಹುಟ್ಟಿ ಬೆಳೆದದ್ದೆಲ್ಲ ಇದೇ ಊರು. ಒಂದು ಸಂಜೆ ಹಳೇ ಶೂ ಡಬ್ಬ ಹಿಡಿದುಕೊಂಡು ನಮ್ಮನೆಗೆ ಬಂದರು. ತೆರೆದರೆ ತುಂಬ ಬೇಸ್‌ಬಾಲ್ ಕಾರ್ಡುಗಳು. ಹುಡುಗರಾಗಿದ್ದಾಗ ಕೂಡಿಟ್ಟದ್ದು. ಆಗ ಬಬಲ್ ಗಮ್ ಪೊಟ್ಟಣದಲ್ಲಿ ಈ ಕಾರ್ಡುಗಳು ಬರುತ್ತಿದ್ದವು. ಮುಂದೆ ಆಟಗಾರನ ಫೋಟೊ, ಹಿಂದೆ ಅವನ ಲೆಕ್ಕಪಟ್ಟಿ. ನಮ್ಮ ಮಗಳಿಗೆ ಹನ್ನೆರಡು ವರ್ಷ, ಬೇಸ್‌ಬಾಲ್ ಅಂದರೆ ಪ್ರಾಣ. ಒಂದೊಂದೇ ಕಾರ್ಡನ್ನು ಅಂಚು ಹಿಡಿದು ಮೆಲ್ಲಗೆ ಎತ್ತಿ ನೋಡುತ್ತಿದ್ದಳು. ಒಂದು ಕಾರ್ಡು ಎತ್ತಿದವಳು ಅಲ್ಲೇ ನಿಂತಳು.

"ಅಪ್ಪಾ, ಇದು ಕ್ಲೆಮೆಂಟೆ ಅಲ್ವಾ? ಇದರಲ್ಲಿ ಯಾಕೆ ಬಾಬ್ ಅಂತ ಇದೆ?"

ರೊಬೆರ್ಟೊ ಕ್ಲೆಮೆಂಟೆ. ಈ ಊರಲ್ಲಿ ಆ ಹೆಸರು ಗೊತ್ತಿಲ್ಲದವರಿಲ್ಲ. ನದಿ ದಾಟಿ ಸ್ಟೇಡಿಯಂಗೆ ಹೋಗುವ ಹಳದಿ ಸೇತುವೆಗೆ ಅವರದೇ ಹೆಸರು. ಸ್ಟೇಡಿಯಂನ ಬಲಗಡೆ ಗೋಡೆಯ ಎತ್ತರ 21 ಅಡಿ, ಯಾಕೆಂದರೆ ಅವರ ಅಂಗಿಯ ನಂಬರು 21. 1934ರಲ್ಲಿ ಕೆರಿಬಿಯನ್ ದ್ವೀಪ ಪೋರ್ಟೊ ರಿಕೊದ ಕರೊಲಿನಾ ಎಂಬ ಊರಲ್ಲಿ ಹುಟ್ಟಿದವರು. ಕಪ್ಪು ಮೈಬಣ್ಣ, ಮನೆಮಾತು ಸ್ಪ್ಯಾನಿಷ್. 1955ರಿಂದ 1972ರವರೆಗೆ, ಹದಿನೆಂಟು ಸೀಸನ್, ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡಕ್ಕೇ ಆಡಿದರು.

ಆದರೆ ಕಾರ್ಡು ಅಚ್ಚು ಹಾಕುವ ಟಾಪ್ಸ್ ಕಂಪನಿ 1957ರಿಂದ 1969ರವರೆಗೆ ಅವರ ಕಾರ್ಡಿನ ಮೇಲೆ "ಬಾಬ್ ಕ್ಲೆಮೆಂಟೆ" ಅಂತಲೇ ಅಚ್ಚು ಹಾಕಿತು. ರೇಡಿಯೋದಲ್ಲಿ "ಬಾಬಿ" ಅನ್ನುತ್ತಿದ್ದರು. ಅವರೇನೂ ಹೆಸರು ಬದಲಿಸಿಕೊಂಡಿರಲಿಲ್ಲ. ನನ್ನ ಹೆಸರು ರೊಬೆರ್ಟೊ ಅಂತ ಹೇಳುತ್ತಲೇ ಇದ್ದರು. ನಾಲಿಗೆ ಹೊರಳದವರು ತಮಗೆ ಸುಲಭವಾದ ಹೆಸರಿಟ್ಟುಕೊಂಡರು, ಅಷ್ಟೆ. ಇಲ್ಲಿರುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವೆಂಕಟೇಶ ಇಲ್ಲಿಗೆ ಬಂದು ಮೂರು ತಿಂಗಳಿಗೆ ವೆನ್ ಆಗಿರುತ್ತಾನೆ. ಮೊದಮೊದಲು ತಿದ್ದುತ್ತಾನೆ. ಆಮೇಲೆ ಸುಮ್ನೆ ಆಗುತ್ತಾನೆ. ಕ್ಲೆಮೆಂಟೆ ಸುಮ್ಮನಾಗಲಿಲ್ಲ. ಸುಮ್ಮನಾಗದೇ ಇದ್ದದ್ದಕ್ಕೆ ಅವರಿಗೆ ಸಿಕ್ಕ ಹೆಸರು "ಸಿಡುಕ".

1961ರ ಆಲ್ ಸ್ಟಾರ್ ಪಂದ್ಯ, ಅಂದರೆ ಆಯ್ದ ತಾರೆಯರು ಆಡುವ ಪಂದ್ಯ. ಹತ್ತನೇ ಇನ್ನಿಂಗ್ಸ್‌ನಲ್ಲಿ ಗೆಲುವಿನ ರನ್ ತಂದುಕೊಟ್ಟದ್ದು ಕ್ಲೆಮೆಂಟೆ ಅವರ ಹೊಡೆತ. ಪಂದ್ಯ ಮುಗಿದ ಮೇಲೆ ಪತ್ರಿಕೆಯವರ ಹತ್ತಿರ ಮಾತಾಡಿದರು. ಪತ್ರಿಕೆಗಳು ಅವರ ಇಂಗ್ಲಿಷನ್ನು ಉಚ್ಚಾರದ ಸಮೇತ ಅಚ್ಚು ಹಾಕಿದವು. "ಹಿಟ್" ಅನ್ನುವುದನ್ನು "ಹೀಟ್" ಅಂತ, "ಇನ್ನಿಂಗ್" ಅನ್ನುವುದನ್ನು "ಈನಿಂಗ್" ಅಂತ. ಬಿಳಿ ಆಟಗಾರರಲ್ಲೂ ಹಳ್ಳಿ ಕಡೆಯಿಂದ ಬಂದವರಿದ್ದರು, ವ್ಯಾಕರಣ ತಪ್ಪಿ ಮಾತಾಡುವವರಿದ್ದರು. ಕ್ಲೆಮೆಂಟೆಗೆ ಮಾತ್ರ ಅಕ್ಷರ ತಿರುಚಿದ ಇಂಗ್ಲಿಷ್. ಬೆಳಗ್ಗೆ ಕಾಫಿ ಕುಡಿಯುತ್ತಾ ಪೇಪರ್ ಓದುವ ಅಭಿಮಾನಿಗೆ ಇದರಿಂದ ಏನು ಸಂದೇಶ ಹೋಗುತ್ತದೆ? ಇವನಿಗೆ ಕೈ ಕಾಲು ಚುರುಕು, ತಲೆ ಅಷ್ಟಕ್ಕಷ್ಟೆ. ನೇರವಾಗಿ ಯಾರೂ ಹಾಗೆ ಬರೆಯಬೇಕಾಗಿಲ್ಲ. ಎರಡು ಅಕ್ಷರ ಹೆಚ್ಚು ಹಾಕಿದರೆ ಸಾಕು.

ಈಗ ನೋವಿನ ವಿಷಯಕ್ಕೆ ಬರುತ್ತೇನೆ. ನನ್ನನ್ನು ಜಾಸ್ತಿ ಕಾಡಿದ್ದು ಇದು.

1954ರ ಕೊನೆಯಲ್ಲಿ, ಪೈರೇಟ್ಸ್‌ಗೆ ಆಡುವ ಮೊದಲೇ, ಕುಡಿದು ಓಡಿಸುತ್ತಿದ್ದವನೊಬ್ಬ ಕ್ಲೆಮೆಂಟೆ ಅವರ ಕಾರಿಗೆ ಗುದ್ದಿದ. ಬೆನ್ನುಮೂಳೆಗೆ ಪೆಟ್ಟಾಯಿತು. ಅದು ಕೊನೆಯವರೆಗೂ ಪೂರ್ತಿ ವಾಸಿಯಾಗಲಿಲ್ಲ. ಹಳೇ ವಿಡಿಯೊ ಸಿಕ್ಕರೆ ನೋಡಿ. ಬ್ಯಾಟ್ ಹಿಡಿದು ನಿಲ್ಲುವ ಮೊದಲು ಕತ್ತನ್ನು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತಿರುಗಿಸುತ್ತಾರೆ. ಭುಜ ಎತ್ತಿ ಇಳಿಸುತ್ತಾರೆ. ರಾತ್ರಿಯಿಡೀ ಬಸ್ಸಲ್ಲಿ ಕೂತು ಬಂದವರು ಬೆಳಗ್ಗೆ ಕತ್ತು ಹಿಡಿದುಕೊಂಡಾಗ ಮಾಡುತ್ತಾರಲ್ಲ, ಹಾಗೆ. ನನಗೆ ಅದು ನೋವಿರುವ ಮನುಷ್ಯನ ಚಲನೆ ಅಂತ ಕಣ್ಣಿಗೆ ಹೊಡೆದು ಕಾಣುತ್ತದೆ. ಆಗಿನ ಎಷ್ಟೋ ಜನರಿಗೆ ಅದು ನಾಟಕವಾಗಿ ಕಂಡಿತು. ಮೈಗಳ್ಳ, ಇಲ್ಲದ ಕಾಯಿಲೆ ಹೇಳುತ್ತಾನೆ ಅಂದರು.

ಅದೇ ಕಾಲದಲ್ಲಿ ನ್ಯೂಯಾರ್ಕ್ ಯಾಂಕೀಸ್ ತಂಡದಲ್ಲಿ ಮಿಕಿ ಮ್ಯಾಂಟಲ್ ಇದ್ದರು. ಬಿಳಿಯರು, ಹೊಂಬಣ್ಣದ ಕೂದಲು. ಅವರಿಗೂ ಕಾಲು ನೋವು, ಆಟಕ್ಕೆ ಮುಂಚೆ ಮಂಡಿಗೆ ಬ್ಯಾಂಡೇಜ್ ಸುತ್ತಿಕೊಳ್ಳುತ್ತಿದ್ದರು. ಅದನ್ನು ದೇಶಕ್ಕೆ ದೇಶವೇ ವೀರಗಾಥೆಯ ಹಾಗೆ ಹೇಳಿತು. ಮ್ಯಾಂಟಲ್ ನೋವು ನಿಜವೇ, ಅದನ್ನು ನಾನು ಕಡಿಮೆ ಮಾಡುತ್ತಿಲ್ಲ. ಒಬ್ಬರ ನೋವಿಗೆ "ಎದೆಗಾರಿಕೆ" ಅನ್ನುವ ಪದ, ಇನ್ನೊಬ್ಬರ ನೋವಿಗೆ "ಸೋಗು" ಅನ್ನುವ ಪದ. ಈ ವ್ಯತ್ಯಾಸವನ್ನು ಕ್ಲೆಮೆಂಟೆ ತಾವೇ ಎತ್ತಿ ಹೇಳಿದ್ದರು. ಹೇಳಿದ್ದಕ್ಕೆ ಮತ್ತೆ "ಗೊಣಗುತ್ತಾನೆ" ಅನ್ನಿಸಿಕೊಂಡರು.

ಕೊನೆಗೆ ಲೆಕ್ಕ ಏನಾಯಿತು? ಈ "ಮೈಗಳ್ಳ" ಪೈರೇಟ್ಸ್ ಪರ 2,433 ಪಂದ್ಯ ಆಡಿದರು. ಆ ತಂಡದ ಇತಿಹಾಸದಲ್ಲಿ ಅದಕ್ಕಿಂತ ಜಾಸ್ತಿ ಆಡಿದವರಿಲ್ಲ, ಹಳೇ ಕಾಲದ ಆಟಗಾರ ಹೋನಸ್ ವ್ಯಾಗ್ನರ್ ಸರಿಸಮ ಇದ್ದಾರೆ ಅಷ್ಟೆ. 3,000 ಹಿಟ್‌ಗಳು, ಅಂದರೆ ಯಶಸ್ವಿ ಹೊಡೆತಗಳು. ಫೀಲ್ಡಿಂಗ್‌ಗೆ ಕೊಡುವ ಗೋಲ್ಡ್ ಗ್ಲೋವ್ ಹನ್ನೆರಡು ಸಲ. ಇದೆಲ್ಲ ಕಾರ್ಡಿನ ಹಿಂಬದಿಯಲ್ಲಿ ವರ್ಷ ವರ್ಷ ಅಚ್ಚಾಗುತ್ತಲೇ ಇತ್ತು. ಓದಿ ತಿಳಿಯಬಹುದಿತ್ತು. ಜನ ಮುಂಬದಿ ನೋಡಿ ತೀರ್ಮಾನ ಮಾಡಿದರು.

ನಮ್ಮ ಪಕ್ಕದ ಮನೆಯವರು ಆ ಸಂಜೆ ಒಂದು ಮಾತು ಹೇಳಿದರು. ಅವರ ತಂದೆ ಸ್ಟೀಲ್ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದವರು. ಕ್ಲೆಮೆಂಟೆ ಅಂದರೆ ಬಹಳ ಇಷ್ಟವಂತೆ. ಚೆಂಡು ಹಿಡಿದು ಎಸೆದಾಗ ಎದ್ದು ನಿಂತು ಕೂಗುತ್ತಿದ್ದರಂತೆ. ಅದೇ ತಂದೆ, ಕ್ಲೆಮೆಂಟೆ ಒಂದು ದಿನ ಆಡದಿದ್ದರೆ, "ಅವರ ಜನವೇ ಹಾಗೆ, ದುಡಿಯೋದು ಬೇಡ" ಅನ್ನುತ್ತಿದ್ದರಂತೆ. "ನಮ್ಮಪ್ಪ ಕೆಟ್ಟವರಲ್ಲ" ಅಂದರು. ನಾನು ನಂಬುತ್ತೇನೆ. ಹೇಳುವಾಗ ಅವರ ಕೈ ಆ ಕಾರ್ಡನ್ನು ಸುಮ್ನೆ ತಿರುವಿ ಹಾಕುತ್ತಿತ್ತು.

ನನ್ನ ವಾದ ಇಲ್ಲೇ ಇದೆ. ಬಣ್ಣದ ಪೂರ್ವಗ್ರಹ ಅಂದ ಕೂಡಲೇ ನಮಗೆ ಬೈಗುಳ ನೆನಪಾಗುತ್ತದೆ. 2017ರ ಮೇ 1ರಂದು ಬಾಸ್ಟನ್‌ನ ಫೆನ್ವೇ ಪಾರ್ಕ್‌ನಲ್ಲಿ ಬಾಲ್ಟಿಮೋರ್ ತಂಡದ ಆಡಮ್ ಜೋನ್ಸ್ ಮೇಲೆ ಕಡಲೆಕಾಯಿ ಪೊಟ್ಟಣ ಎಸೆದರು, ಜನಾಂಗದ ಹೆಸರೆತ್ತಿ ಬೈದರು. ಜೋನ್ಸ್ ಅದನ್ನು ಹೊರಗೆ ಹೇಳಿದರು. ಮರುದಿನ ಅದೇ ಸ್ಟೇಡಿಯಂ ಅವರು ಬ್ಯಾಟ್ ಹಿಡಿದು ಬಂದಾಗ ಎದ್ದು ನಿಂತು ಚಪ್ಪಾಳೆ ತಟ್ಟಿತು. ಒಳ್ಳೆಯದೇ. ಆದರೆ ಅಂಥ ಬೈಗುಳವನ್ನು ಖಂಡಿಸುವುದು ಸುಲಭ. ನಾನು ಬೈದವನಲ್ಲ, ಹಾಗಾಗಿ ನಾನು ಸರಿ ಇದ್ದೇನೆ ಅಂತ ಸಮಾಧಾನ ಆಗಿಬಿಡುತ್ತದೆ. ಪ್ರೀತಿಸುವ ಅಭಿಮಾನಿಯ ಬಾಯಲ್ಲಿ ಬರುವ ಸಣ್ಣ ಪದಗಳನ್ನು ಯಾರು ಲೆಕ್ಕ ಇಡುತ್ತಾರೆ?

ನಾನು ಈ ಆಟ ಕಲಿತದ್ದು ಕೇಳಿ ಕೇಳಿ. ಟಿವಿ ಕೇಳಿ, ಆಫೀಸಿನಲ್ಲಿ ಕೇಳಿ, ಗ್ಯಾಲರಿಯಲ್ಲಿ ಪಕ್ಕದವರನ್ನು ಕೇಳಿ. ಆಟದ ಜೊತೆಗೆ ಪದಗಳೂ ಬಂದವು. ಯಾರಿಗೆ ಯಾವ ಪದ ಅನ್ನುವುದೂ ಬಂತು. ಬಿಳಿ ಹುಡುಗ ಅಂಗಿ ಮಣ್ಣು ಮಾಡಿಕೊಂಡರೆ "ಹಸಲ್", ಅಂದರೆ ಮೈಮುರಿದು ದುಡಿಯುತ್ತಾನೆ. ಕಪ್ಪು ಹುಡುಗ ಅದೇ ವೇಗದಲ್ಲಿ ಓಡಿದರೆ "ಅಥ್ಲೆಟಿಕ್", ಹುಟ್ಟಿನಿಂದಲೇ ಬಂದದ್ದು. ಅವನೇನೂ ಬೆವರು ಸುರಿಸಿಲ್ಲ ಅನ್ನುವ ಹಾಗೆ. ಕೆರಿಬಿಯನ್ ಕಡೆಯ ಡೊಮಿನಿಕನ್ ಆಟಗಾರ ಸಿಕ್ಸರಿನಂಥ ಹೋಮ್ ರನ್ ಹೊಡೆದು ಬ್ಯಾಟ್ ಎಸೆದರೆ "ಜಂಬ". ಬೇರೆಯವನು ಎಸೆದರೆ "ಉತ್ಸಾಹ".

ಎರಡು ವರ್ಷದ ಹಿಂದೆ ಮಗಳನ್ನು ಕರೆದುಕೊಂಡು ಆಟಕ್ಕೆ ಹೋಗಿದ್ದೆ. ಒಬ್ಬ ಲ್ಯಾಟಿನ್ ಅಮೆರಿಕದ ಆಟಗಾರ ಚೆಂಡನ್ನು ನೆಲಕ್ಕೆ ಹೊಡೆದು ಮೊದಲ ಬೇಸಿಗೆ, ಅಂದರೆ ಹೊಡೆದವನು ಓಡಿ ಮುಟ್ಟಬೇಕಾದ ಮೊದಲ ಗುರುತಿಗೆ, ನಿಧಾನವಾಗಿ ಓಡಿದ. "ಸೋಮಾರಿ, ದುಡ್ಡು ತಗೊಂಡು ಓಡೋಕೂ ಆಗಲ್ಲ" ಅಂದೆ. ನಾಲ್ಕು ಇನ್ನಿಂಗ್ಸ್ ಆದ ಮೇಲೆ ಒಬ್ಬ ಬಿಳಿ ಆಟಗಾರನೂ ಹಾಗೇ ಓಡಿದ. "ಪಾಪ, ತೊಡೆ ಹಿಡಿದುಕೊಂಡಿರಬೇಕು" ಅಂದೆ. ನನಗೆ ಗೊತ್ತೇ ಆಗಲಿಲ್ಲ. ಮಗಳು ಕೇಳಿದಳು, "ಅವನಿಗೂ ತೊಡೆ ಹಿಡಿದುಕೊಂಡಿರಬಹುದಿತ್ತಲ್ಲ ಅಪ್ಪಾ?" ನನ್ನ ಬಣ್ಣವೂ ಬಿಳಿಯಲ್ಲ. ನನ್ನ ಇಂಗ್ಲಿಷ್ ಕೇಳಿಯೂ ಜನ ನಕ್ಕಿದ್ದಾರೆ. ಆದರೂ ಆ ಪದ ನನ್ನ ಬಾಯಿಂದ ಬಂತು. ಅವತ್ತು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಪದ ಬರೀ ಪದ ಅಲ್ವಾ, ಅದರಿಂದ ಯಾರಿಗೇನು ನಷ್ಟ ಅನ್ನಬಹುದು. ಮತ್ತೆ ಕಾರ್ಡಿಗೇ ಬರುತ್ತೇನೆ. 1990ರಲ್ಲಿ ಕ್ಲಾರ್ಕ್ ನಾರ್ಡಿನೆಲ್ಲಿ, ಕರ್ಟಿಸ್ ಸೈಮನ್ ಅನ್ನುವ ಇಬ್ಬರು ಅರ್ಥಶಾಸ್ತ್ರಜ್ಞರು ಹಳೇ ಬೇಸ್‌ಬಾಲ್ ಕಾರ್ಡುಗಳ ಮಾರುಕಟ್ಟೆ ಬೆಲೆ ಹಿಡಿದು ಲೆಕ್ಕ ಹಾಕಿದರು. ಆಟದ ಸಾಧನೆ ಸಮ ಇದ್ದಾಗಲೂ ಬಿಳಿಯರಲ್ಲದ ಬ್ಯಾಟರ್‌ಗಳ ಕಾರ್ಡಿಗೆ ಸುಮಾರು ಶೇ. 10 ಕಡಿಮೆ ಬೆಲೆ, ಚೆಂಡು ಎಸೆಯುವ ಪಿಚರ್‌ಗಳಿಗೆ ಶೇ. 13 ಕಡಿಮೆ. ಆ ಲೆಕ್ಕದ ವಿಧಾನದ ಬಗ್ಗೆ ಆಮೇಲೆ ಬೇರೆಯವರು ತಕರಾರು ತೆಗೆದದ್ದೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಕಾರ್ಡು ಕೊಳ್ಳುವವನು ಯಾರು ಅಂತ ಯೋಚಿಸಿ. ಮಾಲೀಕನಲ್ಲ, ಕೋಚ್ ಅಲ್ಲ. ಅಪ್ಪಟ ಅಭಿಮಾನಿ. ತನ್ನ ಜೇಬಿನ ದುಡ್ಡು, ತನ್ನ ಇಷ್ಟ. ಯಾರಿಗೂ ಕಾರಣ ಹೇಳಬೇಕಾಗಿಲ್ಲ.

ಇನ್ನೊಂದು ಅಧ್ಯಯನ ನನ್ನನ್ನು ಬಹಳ ಹಿಡಿದು ಅಲ್ಲಾಡಿಸಿತು. ಮಾಡಿದವರಲ್ಲಿ ಒಬ್ಬರು ಮಹ್ಜರೀನ್ ಬನಾಜಿ, ನಮ್ಮ ಸಿಕಂದರಾಬಾದಿನಲ್ಲಿ ಹುಟ್ಟಿದ ಮನಶ್ಶಾಸ್ತ್ರಜ್ಞೆ. ಜೊತೆಗೆ ಇಯನ್ ಏರ್ಸ್, ಕ್ರಿಸ್ಟೀನ್ ಜೋಲ್ಸ್. ಇವರು ಈಬೇ ಎಂಬ ಆನ್‌ಲೈನ್ ಮಾರುಕಟ್ಟೆಯಲ್ಲಿ ಬೇಸ್‌ಬಾಲ್ ಕಾರ್ಡುಗಳನ್ನು ಹರಾಜಿಗೆ ಹಾಕಿದರು. ಫೋಟೊದಲ್ಲಿ ಕಾರ್ಡನ್ನು ಹಿಡಿದ ಕೈ ಕಾಣುತ್ತದೆ. ಕೆಲವದರಲ್ಲಿ ಬಿಳಿ ಕೈ, ಕೆಲವದರಲ್ಲಿ ಕಪ್ಪು ಕೈ. ಮುಖ ಇಲ್ಲ, ಮಾತಿಲ್ಲ, ಬರೀ ಬೆರಳು. ಕಪ್ಪು ಕೈ ಹಿಡಿದ ಕಾರ್ಡುಗಳು ಸುಮಾರು ಶೇ. 20 ಕಡಿಮೆ ಬೆಲೆಗೆ ಹೋದವು. ಕೊಂಡವರನ್ನು ಕೇಳಿದ್ದರೆ "ನಾನು ಕೈ ನೋಡಲೇ ಇಲ್ಲ" ಅನ್ನುತ್ತಿದ್ದರೋ ಏನೋ. ಅಂದರೂ ಅದು ಸುಳ್ಳಾಗಿರುತ್ತಿರಲಿಲ್ಲ ಅಂತ ನನಗೆ ಅನಿಸುತ್ತದೆ. ಭಯ ಆಗುವುದು ಅದಕ್ಕೇ.

"ಅಭಿಮಾನಿಗೆ ಗೆಲುವು ಮುಖ್ಯ, ಬಣ್ಣ ಅಲ್ಲ" ಅಂತ ಸ್ನೇಹಿತರು ವಾದ ಮಾಡುತ್ತಾರೆ. ಗೆದ್ದಾಗ ಹೌದು. 1971ರಲ್ಲಿ ಪೈರೇಟ್ಸ್ ವರ್ಲ್ಡ್ ಸೀರೀಸ್, ಅಂದರೆ ವರ್ಷದ ಅಂತಿಮ ಸರಣಿ, ಗೆದ್ದಿತು, ಕ್ಲೆಮೆಂಟೆ ಸರಣಿಯ ಅತ್ಯುತ್ತಮ ಆಟಗಾರ. ಟಿವಿಯವರು ಮೈಕ್ ಹಿಡಿದರು. ಅವರು ಮೊದಲು ಸ್ಪ್ಯಾನಿಷ್‌ನಲ್ಲಿ ಮಾತಾಡಿದರು. ಅಪ್ಪ ಅಮ್ಮನ ಆಶೀರ್ವಾದ ಬೇಡಿದರು. ಇಡೀ ಅಮೆರಿಕ ನೋಡುತ್ತಿರುವಾಗ ಮನೆಮಾತಿನಲ್ಲಿ, ಮೊದಲು ಹೆತ್ತವರಿಗೆ. ನಾನು ಇದನ್ನು ಎಷ್ಟು ಸಲ ನೋಡಿದರೂ ಕಣ್ಣು ತುಂಬುತ್ತದೆ. ಅವತ್ತು ಊರಿಗೆ ಊರೇ ಅವರದಾಗಿತ್ತು. ಆದರೆ ಅಲ್ಲಿಗೆ ಬರಲು ಹದಿನೇಳು ಸೀಸನ್ ಬೇಕಾಯಿತು. ಬೇರೆಯವರಿಗೆ ಮೊದಲ ದಿನವೇ ಸಿಗುವ ನಂಬಿಕೆಯನ್ನು ಅವರು ಪ್ರತಿ ಸಂಜೆ ಹೊಸದಾಗಿ ಸಂಪಾದಿಸಬೇಕಿತ್ತು.

ಮುಂದಿನ ವರ್ಷ, 1972ರ ಡಿಸೆಂಬರ್ 31ರ ರಾತ್ರಿ, ನಿಕರಾಗುವಾ ಭೂಕಂಪದ ಸಂತ್ರಸ್ತರಿಗೆ ಸಾಮಾನು ಹೊತ್ತ ವಿಮಾನದಲ್ಲಿ ಅವರೂ ಹೊರಟರು. ವಿಮಾನ ಪೋರ್ಟೊ ರಿಕೊದ ಸ್ಯಾನ್ ಹುವಾನ್ ದಾಟುತ್ತಲೇ ಸಮುದ್ರಕ್ಕೆ ಬಿತ್ತು. ದೇಹ ಸಿಗಲಿಲ್ಲ. 38 ವರ್ಷ. 1973ರಲ್ಲಿ, ಆಟ ನಿಲ್ಲಿಸಿದ ಮೇಲೆ ಐದು ವರ್ಷ ಕಾಯಬೇಕೆಂಬ ನಿಯಮ ಸಡಿಲಿಸಿ, ಬೇಸ್‌ಬಾಲ್ ಮಹನೀಯರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್‌ಗೆ ಸೇರಿಸಿದರು. ಅಲ್ಲಿ ಹಾಕಿದ ಕಂಚಿನ ಫಲಕದಲ್ಲೂ ಹೆಸರು ತಪ್ಪು. ಸ್ಪ್ಯಾನಿಷ್ ಪದ್ಧತಿಯಲ್ಲಿ ತಂದೆಯ ಮನೆತನದ ಹೆಸರು ಮೊದಲು, ತಾಯಿಯದು ಆಮೇಲೆ. ರೊಬೆರ್ಟೊ ಕ್ಲೆಮೆಂಟೆ ವಾಕರ್. ಫಲಕದಲ್ಲಿ ಹಿಂದುಮುಂದಾಗಿ ರೊಬೆರ್ಟೊ ವಾಕರ್ ಕ್ಲೆಮೆಂಟೆ ಅಂತ ಕೆತ್ತಿದ್ದರು. ಸರಿಪಡಿಸಿದ್ದು 2000ದಲ್ಲಿ.

ಅಂಪೈರ್‌ಗಳ ಬಗ್ಗೆ 2011ರಲ್ಲಿ ಬಂದ ಒಂದು ಅಧ್ಯಯನ ಹೇಳಿ ಮುಗಿಸುತ್ತೇನೆ. ಪಿಚರ್ ಮತ್ತು ಅಂಪೈರ್ ಬೇರೆ ಬೇರೆ ಜನಾಂಗದವರಾದಾಗ ಅಂಪೈರ್ ಸ್ಟ್ರೈಕ್, ಅಂದರೆ ಪಿಚರ್ ಪರವಾದ ತೀರ್ಪು, ಕೊಡುವುದು ಸ್ವಲ್ಪ ಕಡಿಮೆ ಆಗುತ್ತಿತ್ತು. ಆದರೆ ಇದು ಕಂಡದ್ದು ಮುಖ್ಯವಾಗಿ ಅಂಪೈರ್ ಮೇಲೆ ಯಾರ ಕಣ್ಣೂ ಇಲ್ಲದ ಕಡೆ. ತೀರ್ಪು ಪರೀಕ್ಷಿಸುವ ಕ್ಯಾಮೆರಾ ಇದ್ದ ಸ್ಟೇಡಿಯಂಗಳಲ್ಲಿ, ಜನ ಕಿಕ್ಕಿರಿದಿದ್ದ ಪಂದ್ಯಗಳಲ್ಲಿ ಆ ವ್ಯತ್ಯಾಸ ಕರಗಿಹೋಗಿತ್ತು. ಇದನ್ನು ಓದಿ ಮಗಳಿಗೆ ಹೇಳಿದೆ. ನಾನು ಆಟಕ್ಕೆ ಹೋದಾಗ ಸ್ಕೋರ್ ಪುಸ್ತಕ ಬರೆಯುತ್ತೇನೆ. ಅದರ ಅಂಚಿನಲ್ಲಿ ಅವಳು ಪೆನ್ಸಿಲಿನಿಂದ ಎರಡು ಕಾಲಂ ಎಳೆದಿದ್ದಾಳೆ. ಒಂದರಲ್ಲಿ ಆಟಗಾರನ ಹೆಸರು, ಪೂರ್ತಿ ಹೆಸರು. ಇನ್ನೊಂದರಲ್ಲಿ ಅವನ ಬಗ್ಗೆ ಅಪ್ಪ ಹೇಳಿದ ಪದ. ಹೋದ ಶನಿವಾರದ ಪುಟ ಈಗ ನನ್ನ ಮುಂದೆ ಇದೆ. ಹನ್ನೊಂದು ಹೆಸರು, ಹನ್ನೊಂದು ಪದ. ಒಂದರ ಮುಂದೆ ಅವಳು ಪ್ರಶ್ನೆ ಚಿಹ್ನೆ ಹಾಕಿದ್ದಾಳೆ.